ಗೋಡೆಯ ಮೇಲಿನ ಹತ್ತು ಗೆರೆ

ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತದೆ, ಮಲಗುವುದು ಮಾತ್ರ ನಿಮ್ಮ ಮೆಟ್ಟಿಲ ಮೇಲೆ! ನಮ್ಮ ಕರಿಯ ಬಂದದ್ದೂ ಹಾಗೆಯೇ. ಯಾರೂ ತರಲಿಲ್ಲ, ಯಾರೂ ಸಾಕುತ್ತೇವೆ ಅನ್ನಲಿಲ್ಲ. ಒಂದು ಮಳೆಗಾಲದ ಸಂಜೆ ಕೊಟ್ಟಿಗೆಯ ಹುಲ್ಲಿನಲ್ಲಿ ಮುದುರಿ ಮಲಗಿದ್ದ ಮರಿ, ಮಳೆ ನಿಂತ ಮೇಲೂ ಹೋಗಲಿಲ್ಲ, ಅಷ್ಟೇ.

ಆಗ ನಾವು ಸಾಗರದಲ್ಲಿದ್ದೆವು. ನನ್ನ ಮದುವೆಯಾಗಿ ಮೂರೋ ನಾಲ್ಕೋ ವರ್ಷ. ಮನೆಯಲ್ಲಿ ನಾವಿಬ್ಬರು, ಅತ್ತೆ, ಒಂದು ಹಸು. ಅತ್ತೆಯವರದು ಕಟ್ಟುನಿಟ್ಟಿನ ಮಡಿ. ಕರಿಯ ಅಡಿಗೆಮನೆಯ ಕಡೆ ಮೂತಿ ತಿರುಗಿಸಿದರೂ ಸಾಕು, ಒಳಗಿನಿಂದ "ಹಚಾ!" ಎಂದು ಕೂಗು ಬರುತ್ತಿತ್ತು. ಆದರೆ ಮಧ್ಯಾಹ್ನ ಎಲ್ಲರ ಊಟ ಆದ ಮೇಲೆ ಅನ್ನಕ್ಕೆ ಮಜ್ಜಿಗೆ ಕಲಸಿ, "ಆ ಪೀಡೆಗೆ ಹಾಕು" ಎಂದು ನನ್ನ ಕೈಗೆ ಕೊಡುತ್ತಿದ್ದವರೂ ಅವರೇ. ಕಲಸುವಾಗ ಉಪ್ಪಿನಕಾಯಿ ರಸ, ಒಗ್ಗರಣೆ ಒಂದೂ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ಮಡಿಯ ಅಡಿಗೆಯಾದ್ದರಿಂದ ನಮ್ಮಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಲಿಲ್ಲ. ಅವೆರಡೂ ನಾಯಿಗೆ ವಿಷ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಒಣದ್ರಾಕ್ಷಿ, ಚಾಕೊಲೇಟು ಸಹ ಕೊಡಬಾರದಂತೆ. ಪಾಯಸದ ತಳ ಬಳಿದು ನಾಯಿಗೆ ಹಾಕುವವರು ದ್ರಾಕ್ಷಿ ಆರಿಸಿ ಹಾಕಿ.

ಬೇಲಿಯಾಚೆ ಒಂದು ಮನೆ. ಅಲ್ಲಿನ ಗೃಹಿಣಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರಿಗೆ ಆರು ವರ್ಷದ ಮಗಳು, ಪುಟ್ಟಿ. ನಮ್ಮಿಬ್ಬರ ಮನೆಗಳ ನಡುವಿನ ತಡಮೆ ಸವೆದು ನುಣ್ಣಗಾಗಿತ್ತು ಎಂದರೆ ಓಡಾಟ ಎಷ್ಟಿತ್ತೆಂದು ನಿಮಗೆ ಗೊತ್ತಾದೀತು. ಅವರ ಮನೆಯ ಪತ್ರೊಡೆ ನಮಗೆ, ನಮ್ಮ ಒಂದೆಲಗದ ತಂಬುಳಿ ಅವರಿಗೆ. ಬಟ್ಟಲು ಖಾಲಿ ಹಿಂದಿರುಗಿಸುವ ಪದ್ಧತಿ ಇಬ್ಬರಲ್ಲೂ ಇರಲಿಲ್ಲ. ಹೀಗಾಗಿ ಯಾರ ಬಟ್ಟಲು ಯಾರ ಮನೆಯಲ್ಲಿದೆ ಎಂಬ ಲೆಕ್ಕ ಯಾವತ್ತೂ ಮುಗಿಯುತ್ತಿರಲಿಲ್ಲ.

1983ರ ಡಿಸೆಂಬರ್. ಆಲೆಮನೆ ಶುರುವಾಗಿ, ಅಕ್ಕ ಕಬ್ಬಿನ ಹಾಲಿನಲ್ಲಿ ಹಾಲುಬಾಯಿ ಮಾಡಿ ಒಂದು ಸ್ಟೀಲ್ ಬಟ್ಟಲಲ್ಲಿ ಕಳಿಸಿದ್ದರು. ನಾನು ಪುಟ್ಟಿಗೇ ಒಂದು ಸ್ವೆಟರ್ ಹಾಕುತ್ತಿದ್ದೆ. ಚೆಂಡುಹೂವಿನ ಹಳದಿ ಬಣ್ಣದ ನಾಲ್ಕೆಳೆ ಉಲ್ಲನ್. ಎದೆ ಸುತ್ತಳತೆ 24 ಅಂಗುಲ, ಹಿಂಭಾಗಕ್ಕೆ 90 ಹೊಲಿಗೆ, ಬಾರ್ಡರಿಗೆ 12ನೇ ನಂಬರಿನ ಕಡ್ಡಿಯಲ್ಲಿ ಒಂದು ಸೀದಾ ಒಂದು ಉಲ್ಟಾ ಎರಡು ಅಂಗುಲ, ಆಮೇಲೆ 10ನೇ ನಂಬರ್. (ನನ್ನ ಕೈ ಸ್ವಲ್ಪ ಬಿಗಿ. ನಿಮ್ಮದು ಸಡಿಲವಿದ್ದರೆ ನಾಲ್ಕು ಹೊಲಿಗೆ ಕಡಿಮೆ ಹಾಕಿಕೊಳ್ಳಿ.) ಆಗ ಉಲ್ಲನ್ನು ಲಡಿಯಲ್ಲಿ ಬರುತ್ತಿತ್ತು, ಮನೆಯಲ್ಲೇ ಉಂಡೆ ಸುತ್ತಬೇಕು. ಪುಟ್ಟಿ ಎರಡೂ ಕೈ ಚಾಚಿ ಲಡಿ ಹಿಡಿದು ಕೂರುತ್ತಿದ್ದಳು, ನಾನು ಸುತ್ತುತ್ತಿದ್ದೆ.

ಆ ಭಾನುವಾರ ಸಂಜೆಯೂ ಹಾಗೇ ಕೂತಿದ್ದೆವು. ಸುತ್ತಿದ ಉಂಡೆ ನನ್ನ ಮಡಿಲಿಂದ ಜಾರಿ, ಜಗಲಿ ಇಳಿದು, ಉರುಳಿಕೊಂಡು ಹೋಗಿ ನಿಂತದ್ದು ಎಲ್ಲಿ ಅಂತೀರಿ? ಊಟ ಮಾಡುತ್ತಿದ್ದ ಕರಿಯನ ತಟ್ಟೆಯ ಪಕ್ಕ. "ಪುಟ್ಟೀ, ಉಂಡೆ ತಗೊಂಡ್ ಬಾರೇ" ಅಂದವಳು ನಾನೇ. ಅವಳು ಬಗ್ಗಿ ಕೈ ಹಾಕಿದಳು. ಊಟ ಕಿತ್ತುಕೊಳ್ಳಲು ಬಂದಳು ಅಂದುಕೊಂಡನೋ ಏನೋ, ಕರಿಯ ಮಣಿಕಟ್ಟಿಗೆ ಬಾಯಿ ಹಾಕಿಬಿಟ್ಟ. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ.

ಮಗು ಚೀರಿದ್ದಕ್ಕೆ ಎರಡೂ ಮನೆಯವರು ಓಡಿ ಬಂದರು. ಪಕ್ಕದ ಮನೆಯ ಅಜ್ಜಿ ಗಾಯಕ್ಕೆ ಸುಣ್ಣ ಮೆತ್ತಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಮೆಣಸಿನಪುಡಿ ಒಳ್ಳೇದು ಅಂದರು, ಇನ್ನೊಬ್ಬರು ದೊಣ್ಣೆ ತನ್ನಿ ಅಂದರು. ಗಲಾಟೆಯ ಮಧ್ಯೆ ಅಕ್ಕ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು: "ನಾಯಿಗೆ ಸೂಜಿ ಹಾಕ್ಸಿದೀರಲ್ವೇನೇ?"

"ಹಾಕ್ಸಿದೀವಿ ಅಕ್ಕಾ" ಅಂದೆ.

ಸುಳ್ಳು. ನವರಾತ್ರಿಯಿಂದ ನಮ್ಮ ಮನೆಯವರು ಹೇಳುತ್ತಲೇ ಇದ್ದರು. ದನದ ಆಸ್ಪತ್ರೆ ಮನೆಯಿಂದ ಒಂದು ಮೈಲಿಯೂ ಇರಲಿಲ್ಲ. ನಾನೇ "ಈ ಸ್ವೆಟರಿನ ಬೆನ್ನು ಮುಗೀಲಿ, ಆಮೇಲೆ ಕರಕೊಂಡು ಹೋಗೋಣ" ಎಂದು ದಿನ ತಳ್ಳುತ್ತಿದ್ದೆ. ಬೇಕೆಂದು ಹೇಳಿದ ಸುಳ್ಳಲ್ಲ ಅದು, ಬಾಯಿಂದ ತಾನಾಗಿ ಬಂತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಕ್ಕ "ಸದ್ಯ" ಎಂದು ನಿಟ್ಟುಸಿರು ಬಿಟ್ಟು ಮಗುವನ್ನು ಎತ್ತಿಕೊಂಡು ಹೋಗುವಾಗ ನಾನು ತಡೆಯಲಿಲ್ಲವಲ್ಲ, ಅದು ತಾನಾಗಿ ಆದದ್ದಲ್ಲ.

ನಮ್ಮ ಮನೆಯವರು ಮಾತಾಡದೆ ನನ್ನನ್ನೇ ನೋಡಿದರು. ಅತ್ತೆ ದೇವರ ದೀಪ ಹಚ್ಚಿ ಬಂದು ಕೇಳಿದರು, "ಯಾವಾಗ ಹಾಕ್ಸಿದ್ದೆ?" ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡೆ. "ಅಳೋದು ಆಮೇಲೆ. ಈಗ ಹೋಗಿ ಹೇಳು. ಆ ಕೂಸಿಗೆ ಸೂಜಿ ತಪ್ಪಿಸ್ತಾರೆ ನಿನ್ನ ಮಾತು ನಂಬಿ" ಅಂದರು.

ಲಾಟೀನು ಹಿಡಿದು ತಡಮೆ ದಾಟಿದೆ. ಆ ಹತ್ತು ಹೆಜ್ಜೆ ಇವತ್ತಿಗೂ ನೆನಪಿದೆ. ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡರು, ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿತು.

ಮಾರನೆಯ ಬೆಳಿಗ್ಗೆ ಪುಟ್ಟಿಗೆ ಹೊಟ್ಟೆಗೆ ಮೊದಲ ಇಂಜೆಕ್ಷನ್ ಆಯಿತು. ನಿಮ್ಮಲ್ಲಿ ಹಿರಿಯರಾದವರಿಗೆ ಗೊತ್ತಿರುತ್ತದೆ, ಆಗ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಅದು. 1907ರಲ್ಲಿ ಶುರುವಾದ ಕೂನೂರಿನ ಪಾಶ್ಚರ್ ಸಂಸ್ಥೆ ಅದಕ್ಕೆ ಹೆಸರಾಗಿತ್ತು. ಎಷ್ಟೋ ಜೀವ ಉಳಿಸಿದ ಔಷಧಿಯೇ, ಆದರೆ ನೋವು, ಊತ, ಜ್ವರ. ಡಾಕ್ಟರು ಸುಣ್ಣ ನೋಡಿ ಗದರಿದರಂತೆ. ನಾಯಿಯನ್ನು ಹೊಡೆದು ಹಾಕಬೇಡಿ, ಕಟ್ಟಿ ಹಾಕಿ ಹತ್ತು ದಿನ ನೋಡಿ ಎಂದರಂತೆ. ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗ ಇದ್ದಿದ್ದರೆ ಹತ್ತು ದಿನದೊಳಗೆ ನಾಯಿ ಕಾಯಿಲೆ ಬಿದ್ದು ಸತ್ತೇ ಸಾಯುತ್ತದೆ, ಚೆನ್ನಾಗಿದ್ದರೆ ಮಗುವಿಗೆ ಭಯವಿಲ್ಲ, ಸೂಜಿ ನಿಲ್ಲಿಸಬಹುದು. ಆದರೆ ಅಲ್ಲಿಯವರೆಗೆ ಒಂದು ದಿನವೂ ತಪ್ಪುವ ಹಾಗಿಲ್ಲ.

ಕರಿಯನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆವು. ಅತ್ತೆ ಬಚ್ಚಲ ಒಲೆಯಿಂದ ಇದ್ದಿಲು ತಂದು ಕೊಟ್ಟಿಗೆಯ ಗೋಡೆಯ ಮೇಲೆ ಒಂದು ಗೆರೆ ಎಳೆದರು. ದಿನಕ್ಕೊಂದು ಗೆರೆ. ಇಷ್ಟೇ ಅಲ್ಲ, ಅವನಿಗೆ ರಾಗಿ ಅಂಬಲಿ ಕಾಯಿಸಿ, ಆರಿಸಿ, ತಾವೇ ತಂದು ಮುಂದಿಟ್ಟು, ಪೂರ್ತಿ ಕುಡಿಯುವ ತನಕ ದೂರದಲ್ಲಿ ಕೂತು ನೋಡಿ, ಆಮೇಲೆ ಹೋಗಿ ಸ್ನಾನ ಮಾಡುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ದಿನಕ್ಕೆ ಮೂರು ಸಲ ಸ್ನಾನ!

ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಅಕ್ಕನ ಯಜಮಾನರು ಬೇಲಿಯ ಹತ್ತಿರ ನಿಂತು, "ತಿಂತಾ? ನೀರು ಕುಡೀತಾ?" ಎಂದು ಕೇಳುತ್ತಿದ್ದರು. ನೀರು ಕುಡಿದರೆ ಹುಚ್ಚಿಲ್ಲ ಎಂದು ಊರಿಗೆಲ್ಲ ನಂಬಿಕೆ. ಪಶುವೈದ್ಯರು ಬಂದಾಗ ಅದನ್ನು ತಿದ್ದಿದರು. ನೀರು ಕಂಡರೆ ಹೆದರುವುದು ಮನುಷ್ಯನಿಗೆ ಆ ರೋಗ ಬಂದಾಗ. ನಾಯಿ ನೀರಿಗೆ ಹೆದರದೆಯೂ ಇರಬಹುದು, ಗಂಟಲು ಸೋತು ನುಂಗಲಾರದೆ ಹೋಗುತ್ತದೆ ಅಷ್ಟೆ. ಊಟ ಬಿಡುವುದು, ಬೊಗಳುವ ದನಿ ಬದಲಾಗುವುದು, ದವಡೆ ಜೋಲುವುದು, ಜೊಲ್ಲು, ಸಿಕ್ಕಿದ್ದನ್ನೆಲ್ಲ ಕಚ್ಚುವುದು, ಇವನ್ನು ನೋಡಿ ಅಂದರು. ಇದನ್ನು ಕೇಳಿದ ಮೇಲೆ ನನಗೆ ಕರಿಯ ಆಕಳಿಸಿದರೂ ಎದೆ ಹಾರುತ್ತಿತ್ತು.

ನಾನು ಸ್ವೆಟರ್ ತೆಗೆದುಕೊಂಡು ಹೋಗಿ ಕೊಟ್ಟಿಗೆಯಲ್ಲೇ ಕೂರತೊಡಗಿದೆ. ಅಡಿಗೆ, ಹಸುವಿನ ಕೆಲಸ ಬಿಟ್ಟರೆ ಉಳಿದ ಹೊತ್ತೆಲ್ಲ ಅಲ್ಲಿಯೇ. ಬೆನ್ನು ಮುಗಿಯಿತು, ಮುಂಭಾಗ ಮುಗಿಯಿತು. ಹೊಲಿಗೆ ತಪ್ಪಿ ಎಷ್ಟು ಸಲ ಬಿಚ್ಚಿದೆನೋ! ಬೇಲಿಯಾಚೆಯಿಂದ ಬೆಳಿಗ್ಗೆ ಪುಟ್ಟಿ "ಇವತ್ತು ಬ್ಯಾಡಮ್ಮಾ" ಎಂದು ಅಳುವುದು ಕೇಳಿದಾಗಲೆಲ್ಲ ಕಡ್ಡಿ ನಿಲ್ಲುತ್ತಿತ್ತು. ಅಕ್ಕನ ಬಟ್ಟಲು ತೊಳೆದು ಅಡಿಗೆಮನೆಯ ಹಲಗೆಯ ಮೇಲೆ ಮಗುಚಿ ಇಟ್ಟಿದ್ದೆ. ಏನು ತುಂಬಿ ಕಳಿಸಲಿ? ನಮ್ಮ ಮನೆಯದನ್ನು ಅವರು ತಿಂದಾರೆಯೇ?

ಆರನೆಯ ದಿನ ಕರಿಯ ಅಂಬಲಿ ಮುಟ್ಟಲಿಲ್ಲ.

ತಟ್ಟೆ ಮೂಸಿ ಮುಖ ತಿರುಗಿಸಿ ಮಲಗಿದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅತ್ತೆ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇಬ್ಬರಿಗೂ ಬಾಯಿ ಬಿಡಲು ಧೈರ್ಯ ಇಲ್ಲ. ಒಂದು ಮಾತು ಹೇಳುತ್ತೇನೆ, ನನ್ನ ಬಗ್ಗೆ ಏನು ಬೇಕಾದರೂ ತಿಳಿದುಕೊಳ್ಳಿ. ಸಂಜೆಯವರೆಗೆ ನೋಡೋಣ, ಆಮೇಲೆ ಹೇಳಿದರಾಯಿತು ಎಂಬ ಯೋಚನೆ ನನಗೆ ಆಗಲೂ ಬಂತು. ಆದರೆ ಈ ಸಲ ಕಾಲು ಮೊದಲು ಹೋಯಿತು. ತಡಮೆ ದಾಟಿ, "ಅಕ್ಕಾ, ಇವತ್ತು ಅದು ತಿಂತಾ ಇಲ್ಲ" ಅಂದೆ. ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ಕೈಯಲ್ಲಿದ್ದ ಲಂಗ ಹಾಗೇ ಹಿಡಿದುಕೊಂಡು ನನ್ನ ಹಿಂದೆಯೇ ಬಂದರು. ಐದು ದಿನದ ಮೇಲೆ ಮೊದಲ ಸಲ ನಮ್ಮ ಅಂಗಳಕ್ಕೆ ಕಾಲಿಟ್ಟದ್ದು.

ಮೂವರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆವು. ಎಷ್ಟು ಹೊತ್ತೋ. ಕರಿಯ ಎದ್ದ, ಬೆನ್ನು ಕಮಾನು ಮಾಡಿದ, ಹೊಟ್ಟೆ ಎಳೆದುಕೊಂಡ, ಮತ್ತೆ ಮತ್ತೆ ಎಳೆದುಕೊಂಡು ಕಡೆಗೆ ವಾಂತಿ ಮಾಡಿದ. ಹಳದಿ. ನೋಡಿದರೆ ನನ್ನ ಉಲ್ಲನ್ನು! ಬಿಚ್ಚಿ ಬಿಚ್ಚಿ ಕತ್ತರಿಸಿ ಎಸೆದ ಎಳೆಗಳೆಲ್ಲ ಮುದ್ದೆಯಾಗಿ ಬಂದಿದ್ದವು. ಅರ್ಧ ಗಂಟೆಯಲ್ಲಿ ಅಂಬಲಿಯ ತಟ್ಟೆ ನೆಕ್ಕಿ ಬಾಲ ಅಲ್ಲಾಡಿಸಿದ.

ಅಕ್ಕನಿಗೆ ನಗು ಬಂತು. ಬಂದ ನಗುವನ್ನು ನುಂಗಿ ಹೊರಟುಹೋದರು. ನಗಬೇಕೆಂದು ಅವರಿಗೆ ಇರಲಿಲ್ಲ, ಪಾಪ. (ಹೆಣಿಗೆ ಮಾಡುವ ತಂಗಿಯರು ಇದೊಂದು ಕೇಳಿ. ನಾಯಿ, ಬೆಕ್ಕು ನೂಲು ನುಂಗಿದರೆ ಹುಡುಗಾಟವಲ್ಲ. ಬಾಯಿಂದಲೋ ಹಿಂದಿನಿಂದಲೋ ಎಳೆ ಜೋತಾಡಿದರೆ ಕೈಯಿಂದ ಎಳೆಯಲೇಬೇಡಿ, ಕರುಳು ಕೊಯ್ದುಕೊಳ್ಳುತ್ತದೆ. ವೈದ್ಯರ ಹತ್ತಿರ ಓಡಿ.)

ಮುಂದಿನ ನಾಲ್ಕು ದಿನ ಹೇಗೋ ಕಳೆದವು. ಹತ್ತನೆಯ ಗೆರೆ ಎಳೆದ ಮರುದಿನ ಪಶುವೈದ್ಯರು ಬಂದು ನೋಡಿ ಚೀಟಿ ಬರೆದುಕೊಟ್ಟರು. ಆ ಚೀಟಿ ನೋಡಿ ಡಾಕ್ಟರು ಪುಟ್ಟಿಯ ಸೂಜಿ ನಿಲ್ಲಿಸಿದರು. ಅದೇ ವಾರ ಕರಿಯನಿಗೂ ಲಸಿಕೆ ಆಯಿತು. ಆಮೇಲೆ ಅವನಿದ್ದ ಒಂದು ವರ್ಷವೂ ನಾನು ತಪ್ಪಿಸಲಿಲ್ಲ.

ಈಗಿನ ನಿಮಗೆ ಆ ಹೊಟ್ಟೆಯ ಸೂಜಿಯ ಭಯ ಬೇಡ. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆಯೇ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ, ಅದೂ ಬೇರೆ ಬೇರೆ ದಿನ, ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ನಾಯಿ ಕಚ್ಚಿದ ಕೂಡಲೆ ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಔಷಧಿಯೂ ಬೇಕು, ಕೇಳಿ ಹಾಕಿಸಿಕೊಳ್ಳಿ. ಸಾಕಿದ ನಾಯಿ ಎಂದು ಕಾಯುತ್ತ ಕೂರಬೇಡಿ. ರೋಗ ಕಾಣಿಸಿಕೊಂಡ ಮೇಲೆ ಇಂದಿಗೂ ಮದ್ದಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಅನೇಕ ಊರುಗಳ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.

ಸೂಜಿ ನಿಂತ ಮಾರನೆಯ ದಿನ, ನಾನು ಕರಿಯನ ಹಗ್ಗ ಬಿಚ್ಚುತ್ತಿದ್ದಾಗ ಅಕ್ಕ ತಡಮೆ ದಾಟಿ ಬಂದರು.

"ನನ್ನ ಬಟ್ಲು ಕೊಡೇ. ಹದಿನೈದು ದಿನ ಆಯ್ತು."

ಒಳಗೆ ಓಡಿದೆ. ಏನೂ ಮಾಡಿರಲಿಲ್ಲ, ಒಲೆಯ ಮೇಲೆ ಬರೀ ಗಂಜಿ. ಖಾಲಿ ಬಟ್ಟಲು ಹಿಡಿದು ನಿಂತಿದ್ದಾಗ ಅತ್ತೆ ಹಿಂದಿನಿಂದ ಬಂದು ಹೊಸ ಜೋನಿ ಬೆಲ್ಲ ಒಂದು ಸೌಟು ಹಾಕಿದರು. ಅಕ್ಕ ಜಗಲಿಯಲ್ಲಿ ಕೂತು ಬೆರಳಲ್ಲಿ ಬೆಲ್ಲ ನೆಕ್ಕುತ್ತ, "ಆ ರಾತ್ರಿ ನೀನು ಬರದೇ ಇದ್ದಿದ್ರೆ ನಾವು ಆಸ್ಪತ್ರೆಗೆ ಹೋಗ್ತಿರ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀನು ಮೊದ್ಲು ಹಂಗಂದಿದ್ದು ನಂಗೆ ಮರೆಯಲ್ಲ" ಅಂದರು. ನಾನು ತಲೆ ತಗ್ಗಿಸಿದೆ. ಎರಡೂ ನಿಜವಾಗಿತ್ತು.

ಸ್ವೆಟರ್ ಸಂಕ್ರಾಂತಿಗೆ ಮುಗಿಯಿತು. ಬಲಗೈಯ ಗುರುತು ಕಾಣದಿರಲಿ ಎಂದು ತೋಳು ಎರಡನ್ನೂ ಒಂದಂಗುಲ ಉದ್ದ ಹಾಕಿದ್ದೆ. ಪುಟ್ಟಿ ಹಾಕಿಕೊಂಡು, ಬೆರಳ ತುದಿಯವರೆಗೆ ಬಂದ ತೋಳು ಕುಣಿಸಿಕೊಂಡು ಕರಿಯನ ಹತ್ತಿರ ಓಡಲು ಹೊರಟಳು. ಅಕ್ಕ ಅವಳನ್ನು ಹಿಡಿದು ನಿಲ್ಲಿಸಿ, ತೋಳಿನ ಅಂಚನ್ನು ಎರಡು ಮಡಿಕೆ ಮೇಲೆ ಮಡಚಿದರು. ಮಣಿಕಟ್ಟಿನ ಎರಡು ಚುಕ್ಕೆ ಹೊರಗೆ ಕಂಡವು.

"ಇರ್ಲಿ ಬಿಡು, ಬೆಳೀತಾಳಲ್ಲ" ಅಂದರು. "ಬರೋ ವರ್ಷಕ್ಕೂ ಆಗತ್ತೆ."