ಕಾವಲಿನ ಹುಲ್ಲು, ಕೃಷ್ಣಮೃಗದ ಚಿತ್ರ

ಕಡೂರು, ತರೀಕೆರೆ, ಅಜ್ಜಂಪುರಗಳ ನಡುವಣ ಅಂತರಘಟ್ಟೆಯ ಸೀಮೆಯಲ್ಲಿ ಮಲೆನಾಡು ಹಿಂದೆ ಸರಿದು ಬಯಲುಸೀಮೆ ತೊಡಗುತ್ತದೆ. ಹೀಗಾಗಿ ಜಿಂಕೆಯ ಚಿತ್ರ ತೆಗೆಯಬೇಕೆಂದು ಕ್ಯಾಮೆರಾ ಹೆಗಲಿಗೇರಿಸಿ ಹೊರಟವರಿಗೆ ಇಲ್ಲಿ ಎರಡು ಬೇರೆ ಬೇರೆ ಲೋಕಗಳು ಎದುರಾಗುತ್ತವೆ. ಲಕ್ಕವಳ್ಳಿ, ಮುತ್ತೋಡಿಗಳ ಕಡೆಗೆ ಹೋದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಮರಗಳ ನೆರಳಿನಲ್ಲಿ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿಗಳು ಸಿಗುತ್ತವೆ. ಬಯಲಿನ ಕಡೆಗೆ ತಿರುಗಿದರೆ ಅಮೃತಮಹಲ್ ಕಾವಲುಗಳ ಒಣಹುಲ್ಲಿನ ನಡುವೆ ಕೃಷ್ಣಮೃಗ ಕಾಣಸಿಗುತ್ತದೆ. ಜನ ಇವೆಲ್ಲವನ್ನೂ ಜಿಂಕೆಯೆಂದೇ ಕರೆದರೂ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇವು ಎರಡು ಕುಟುಂಬಗಳಿಗೆ ಸೇರಿದವು. ಚುಕ್ಕೆ ಜಿಂಕೆಯ ಗಂಡಿಗೆ ಕವಲೊಡೆದ ಕೊಂಬು ಮೂಡಿ, ಉದುರಿ, ಮತ್ತೆ ಹುಟ್ಟುತ್ತದೆ. ದನ ಆಡುಗಳ ಕುಟುಂಬಕ್ಕೆ ಸೇರಿದ ಕೃಷ್ಣಮೃಗಕ್ಕಾದರೋ ಸುರುಳಿ ಸುತ್ತಿದ, ಕವಲಿಲ್ಲದ ಕೊಂಬು ಒಮ್ಮೆ ಬಂದರೆ ಬದುಕಿರುವವರೆಗೂ ಉಳಿಯುತ್ತದೆ. ಚಿತ್ರಗ್ರಾಹಕನು ಮೊದಲು ಅರಿತಿರಬೇಕಾದದ್ದು ಈ ಬಗೆಯ ವಿವರಗಳನ್ನು. ಏಕೆಂದರೆ ಚಿತ್ರವನ್ನು ತಿದ್ದಲು ಕುಳಿತಾಗ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ತೀರ್ಮಾನಿಸುವುದು ಈ ತಿಳಿವಳಿಕೆಯೇ.

ಕೃಷ್ಣಮೃಗ ಇಲ್ಲಿ ಉಳಿದುಬಂದದ್ದರ ಹಿಂದೆ ದನಗಳ ಚರಿತ್ರೆಯಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ನೆಲೆಗೊಳಿಸಿದ ಬೆಣ್ಣೆ ಚಾವಡಿ ಎಂಬ ಪಶು ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಸೈನ್ಯದ ಸಾಮಗ್ರಿ ಎಳೆಯುವ ಚುರುಕಿನ ಎತ್ತುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ, ಮತ್ತು ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ರೂಢಿಯಲ್ಲಿ ಈ ಸೀಮೆಗೆ ಎತ್ತಿನ ಮೇಲಿರುವ ಅಭಿಮಾನ ಎದ್ದು ಕಾಣುತ್ತದೆ. ದನಗಳಿಗಾಗಿ ಉಳುಮೆಯಿಂದ ತಪ್ಪಿಸಿಟ್ಟ ನೆಲ, ಬಟ್ಟಬಯಲಲ್ಲಿ ಓಡಿ ಬದುಕುವ ಕೃಷ್ಣಮೃಗಕ್ಕೂ ತೋಳಕ್ಕೂ ಆಸರೆಯಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ 736 ಹೆಕ್ಟೇರ್ ನೆಲವನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಮುಖ್ಯವಾಗಿ ಕೃಷ್ಣಮೃಗದ ಸಲುವಾಗಿಯೇ. ಅಂದರೆ ಇಲ್ಲಿನ ಕೃಷ್ಣಮೃಗವು ಮನುಷ್ಯನ ಕೈ ಸೋಕದ ಕಾಡಿನ ಪ್ರಾಣಿಯಲ್ಲ, ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಕಾಯ್ದಿಟ್ಟ ಹುಲ್ಲಿನ ಪ್ರಾಣಿ. ಈ ನೆಲೆಯ ಚಿತ್ರಕ್ಕೆ ಕೈಹಾಕುವವರು ಮರೆಯಬಾರದ ಸಂಗತಿ ಇದು.

ಚಿತ್ರ ತೆಗೆಯುವ ಕೆಲಸದ ಮೊದಲ ತೊಡಕು ಬೆಳಕಿನದು. ಪ್ರಾಯಕ್ಕೆ ಬಂದ ಗಂಡು ಕೃಷ್ಣಮೃಗದ ಬೆನ್ನು ಕಡುಕಪ್ಪಿಗೆ ಹತ್ತಿರ, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ, ಹಿನ್ನೆಲೆಯಲ್ಲಿ ಹೊಳೆಯುವ ಕರಡ. ಇಷ್ಟು ದೂರ ದೂರದ ಛಾಯೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಕ್ಯಾಮೆರಾಕ್ಕೆ ಕಷ್ಟ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ತಾನು ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣವೆಂದು ಭಾವಿಸಿ ಲೆಕ್ಕ ಹಾಕುವುದರಿಂದ, ಹೊಳೆವ ಹುಲ್ಲು ಚೌಕಟ್ಟನ್ನು ತುಂಬಿದಾಗ ಚಿತ್ರ ಕಪ್ಪಿಟ್ಟು ಬೆನ್ನಿನ ರೋಮದ ವಿವರ ಅಳಿಸಿಹೋಗುತ್ತದೆ, ಕಪ್ಪು ಬೆನ್ನೇ ತುಂಬಿಕೊಂಡಾಗ ಹೊಟ್ಟೆಯ ಬಿಳುಪು ಸುಟ್ಟಂತಾಗುತ್ತದೆ. ಆದ್ದರಿಂದ ಅನುಭವಿಗಳು ಬಿಳುಪಿನ ವಿವರ ಕೆಡದಷ್ಟಕ್ಕೆ ಬೆಳಕನ್ನು ಹೊಂದಿಸಿ, ಕಪ್ಪಿನೊಳಗಿನ ವಿವರವನ್ನು ಆಮೇಲೆ ಎತ್ತಿಕೊಳ್ಳಲು ಅನುವಾಗುವಂತೆ ರಾ ಫೈಲ್‌ನಲ್ಲಿ, ಎಂದರೆ ಸೆನ್ಸರ್ ದಾಖಲಿಸಿದ ಮಾಹಿತಿಯನ್ನು ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಡುವ ಕಡತದಲ್ಲಿ, ಚಿತ್ರವನ್ನು ತೆಗೆಯುತ್ತಾರೆ. ಎರಡನೆಯ ತೊಡಕು ಝಳ. ಹೊತ್ತೇರಿದಂತೆ ಕಾದ ನೆಲದಿಂದ ಏಳುವ ಗಾಳಿಯಲ್ಲಿ ದೂರದ ದೃಶ್ಯ ನಡುಗುವುದರಿಂದ ಎಷ್ಟೇ ಬೆಲೆಯ ಟೆಲಿ ಲೆನ್ಸ್ ಇದ್ದರೂ ಮಧ್ಯಾಹ್ನದ ಚಿತ್ರ ಮಸುಕೇ; ಬಯಲಿನಲ್ಲಿ ಬೆಳಗಿನ ಮೊದಲ ತಾಸುಗಳಿಗೆ ಬೆಲೆ ಬರುವುದು ಬೆಳಕಿನ ಚೆಲುವಿನಿಂದಷ್ಟೇ ಅಲ್ಲ, ನೆಲ ಇನ್ನೂ ತಣ್ಣಗಿರುವುದರಿಂದಲೂ ಹೌದು.

ಭದ್ರೆಯ ಕಾಡಿನಲ್ಲಿ ತೊಡಕಿನ ರೂಪ ಬೇರೆ. ಎಲೆಗಳನ್ನು ಹಾದು ಬಂದ ಬೆಳಕು ಚುಕ್ಕೆ ಜಿಂಕೆಯ ಕಂದು ಮೈಗೆ ಹಸಿರು ಲೇಪ ಬಳಿಯುತ್ತದೆ. ಅದನ್ನು ಸರಿಪಡಿಸುವ ಬಿಳುಪಿನ ಸಮತೋಲನ, ಅಂದರೆ ಬಿಳಿಯ ವಸ್ತು ಬಿಳಿಯಾಗಿಯೇ ಕಾಣುವಂತೆ ಎಲ್ಲ ಬಣ್ಣಗಳನ್ನೂ ಹೊಂದಿಸುವ ಕ್ರಮ, ನ್ಯಾಯವಾದ ತಿದ್ದುಪಡಿಯೇ ಸರಿ. ಮಬ್ಬು ಬೆಳಕಿನಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ, ಏರಿಸಿದಾಗ ಮೂಡುವ ನಾಯ್ಸ್ ಎಂಬ ಕಾಳುಕಾಳಾದ ಕಲೆಯನ್ನು ತಗ್ಗಿಸುವುದೂ ಹಾಗೆಯೇ. ಆದರೆ ಅದು ಅತಿಯಾದರೆ ರೋಮವೆಲ್ಲ ಸವರಿಹೋಗಿ ಪ್ರಾಣಿ ಮೇಣದ ಬೊಂಬೆಯಂತಾಗುತ್ತದೆ. ಹೊಸದಾಗಿ ಬೆಳೆಯುತ್ತಿರುವ ಕೊಂಬಿನ ಮೇಲಿನ ನವಿರು ರೋಮದ ಚರ್ಮ ಒಂದು ಕಾಲಾವಧಿಯ ಗುರುತು. ಹರಿತಗೊಳಿಸುವ ಆತುರದಲ್ಲಿ ಅದು ಒರಟಾದ ಎಲುಬಿನಂತೆ ಕಂಡರೆ ಚಿತ್ರವು ಆ ಪ್ರಾಣಿಯ ಬದುಕಿನ ಹಂತವನ್ನೇ ತಪ್ಪಾಗಿ ಹೇಳುತ್ತದೆ. ಕೃಷ್ಣಮೃಗದ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಗಂಡಿನ ಮೈಬಣ್ಣ ವಯಸ್ಸಿನೊಂದಿಗೆ ಗಾಢವಾಗುತ್ತದೆ, ಋತುವಿಗೆ ತಕ್ಕಂತೆ ತಿಳಿಯಾಗುವುದೂ ಉಂಟು. ನೆರಳಿನ ಭಾಗವನ್ನು ಕಪ್ಪಾಗಿಸುವ ಒಂದು ಸಣ್ಣ ಎಳೆತದಿಂದ ಎಳೆಯ ಕಂದು ಗಂಡು ಪರದೆಯ ಮೇಲೆ ಪ್ರೌಢ ಕರಿಯ ಗಂಡಾಗಿಬಿಡುತ್ತದೆ. ನೋಡುವವರಿಗೆ ಚಿತ್ರ ಚೆಂದವಾಗಿಯೇ ಕಾಣುತ್ತದೆ, ಆದರೆ ಅದರಲ್ಲಿರುವ ಪ್ರಾಣಿ ಆ ಬೆಳಗ್ಗೆ ಆ ಹುಲ್ಲಿನಲ್ಲಿ ನಿಂತಿದ್ದ ಪ್ರಾಣಿಯಲ್ಲ.

ತಿದ್ದುವುದೇ ತಪ್ಪೆಂದು ಇದರ ಅರ್ಥವಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಜಗತ್ತಿನಲ್ಲಿ ಹೆಸರು ತಂದ ಫಿಲ್ಮ್ ಯುಗದಲ್ಲಿಯೂ, ಕತ್ತಲಕೋಣೆಯಲ್ಲಿ ಬೆಳಕಿಗೆ ಕೈ ಅಡ್ಡ ಹಿಡಿದು ಚಿತ್ರದ ಒಂದು ಭಾಗವನ್ನು ತಿಳಿಯಾಗಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುವುದು ಕಪ್ಪು-ಬಿಳುಪು ಮುದ್ರಣದ ಕುಶಲತೆಯ ಭಾಗವೇ ಆಗಿತ್ತು. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳಾದ ಫಿಯಾಪ್, ಪಿಎಸ್ಎ ಮತ್ತು ಆರ್‌ಪಿಎಸ್‌ಗಳು 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ಸಮಾನ ವ್ಯಾಖ್ಯೆಯೂ ಈ ಗೆರೆಯನ್ನೇ ಎಳೆಯುತ್ತದೆ: ಬೆಳಕು, ಬಣ್ಣ, ಹರಿತಗಳನ್ನು ಸಹಜವಾಗಿ ಕಾಣುವಷ್ಟಕ್ಕೆ ಹೊಂದಿಸಬಹುದು, ಅಂಚುಗಳನ್ನು ಕತ್ತರಿಸಬಹುದು, ಸೆನ್ಸರ್ ಮೇಲಿನ ಧೂಳಿನ ಕಲೆ ಒರೆಸಬಹುದು, ಆದರೆ ಕತ್ತರಿಸುವ ಮೂಲಕವಲ್ಲದೆ ಚಿತ್ರದೊಳಗಿನ ಯಾವುದನ್ನೂ ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಸ್ಥಳಾಂತರಿಸುವಂತಿಲ್ಲ.

ಕಾವಲಿನಲ್ಲಿ ಈ ನಿಯಮ ಒಂದು ಸೂಕ್ಷ್ಮವಾದ ಪ್ರಶ್ನೆಯನ್ನು ಎಬ್ಬಿಸುತ್ತದೆ. ಕೃಷ್ಣಮೃಗದ ಹಿಂದೆ ಮೇಯುತ್ತಿರುವ ದನ, ಬೇಲಿಯ ಕಲ್ಲುಕಂಬ, ದೂರದ ವಿದ್ಯುತ್ ತಂತಿ ಇವೆಲ್ಲ ಚೌಕಟ್ಟಿನೊಳಗೆ ಬಂದೇ ಬರುತ್ತವೆ, ಮತ್ತು ಇಂದಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅವನ್ನು ಕ್ಷಣದಲ್ಲಿ ಅಳಿಸಿ ಆ ಜಾಗದಲ್ಲಿ ತಾವೇ ಕಲ್ಪಿಸಿದ ಹುಲ್ಲನ್ನು ಬೆಳೆಸಿಕೊಡುತ್ತವೆ. ಸ್ಪರ್ಧೆಗಳಿಗಾಗಿ ಮಾಡಿದ ಆ ಸಮಾನ ವ್ಯಾಖ್ಯೆಯೂ ಮನುಷ್ಯನ ಕುರುಹುಗಳು ಚಿತ್ರದಲ್ಲಿ ಇರಬಾರದೆನ್ನುತ್ತದೆ. ಆದರೆ ಕಣಜಗೂಬೆ, ಕೊಕ್ಕರೆಗಳಂತೆ ಮನುಷ್ಯನು ಮಾರ್ಪಡಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ಕಥೆಯಲ್ಲಿ ಆ ಕುರುಹು ಅವಿಭಾಜ್ಯವಾಗಿದ್ದರೆ ವಿನಾಯಿತಿ ಉಂಟೆಂದೂ ಹೇಳುತ್ತದೆ. ಅಮೃತಮಹಲ್ ಕಾವಲಿನ ಕೃಷ್ಣಮೃಗಕ್ಕಿಂತ ಈ ಮಾತಿಗೆ ಒಪ್ಪುವ ನಿದರ್ಶನ ಬೇಕೆ? ಹಿನ್ನೆಲೆಯ ದನವನ್ನು ಅಳಿಸಿದವರು ಕಣ್ಣಿಗೆ ಅಡ್ಡಬಂದ ವಸ್ತುವೊಂದನ್ನಷ್ಟೇ ಅಳಿಸಿರುವುದಿಲ್ಲ, ಆ ಮೃಗ ಅಲ್ಲಿ ಉಳಿದಿರುವುದಕ್ಕೆ ಇರುವ ಕಾರಣವನ್ನೇ ಅಳಿಸಿರುತ್ತಾರೆ. ಹಾಗೆ ತಯಾರಾದ ಚಿತ್ರವನ್ನು ಕಂಡವರು ಕೃಷ್ಣಮೃಗಕ್ಕೆ ದನವೂ ದನಗಾಹಿಯೂ ಶತ್ರುಗಳೆಂದು ನಂಬಿದರೆ ಆಶ್ಚರ್ಯಪಡಬೇಕಿಲ್ಲ.

ಚಿತ್ರದ ಪ್ರಾಮಾಣಿಕತೆ ತೆಗೆಯುವಾಗಿನ ನಡತೆಗೂ ಸಂಬಂಧಿಸಿದ್ದು. ಎಲ್ಲ ಕಾಡುಪ್ರಾಣಿಗಳಿಗೂ ಒಂದು ಸಹನೆಯ ಅಂತರವಿರುತ್ತದೆ, ಅದನ್ನು ಮೀರಿ ಹತ್ತಿರ ಹೋದರೆ ಅವು ಮೇವು ಬಿಟ್ಟು ಓಡುತ್ತವೆ. ನೆಗೆತದ ಚಿತ್ರ ಬೇಕೆಂದು ಜೀಪಿನಲ್ಲಿ ಬೆನ್ನಟ್ಟಿ ಪಡೆದ ಓಟವು ಹೆದರಿಕೆಯ ಓಟವೇ ಹೊರತು ಕೃಷ್ಣಮೃಗದ ಸಹಜ ಚಲನೆಯಲ್ಲ. ತಾಯಿ ಹುಲ್ಲಿನಲ್ಲಿ ಅಡಗಿಸಿ ಹೋದ ಮರಿಯ ಬಳಿ ಮನುಷ್ಯರು ಸುಳಿದಾಡುತ್ತಿದ್ದರೆ ತಾಯಿ ಹಾಲೂಡಿಸಲು ಮರಳುವುದಕ್ಕೆ ಹಿಂಜರಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ ಪಡೆದಿರುವ ಈ ಪ್ರಾಣಿಗೆ ಕಾನೂನು ಕೊಡುವ ರಕ್ಷಣೆ ದೊಡ್ಡದೇ, ಆದರೆ ಬೆಳಗಿನ ಹೊತ್ತು ಬಯಲಿನಲ್ಲಿ ಅದನ್ನು ಕಾಯುವುದು ಎದುರಿಗಿರುವವನ ಸಂಯಮ. ಚಿತ್ರದ ಕಡತದೊಳಗೆ ತಾನೇ ತಾನಾಗಿ ದಾಖಲಾಗುವ ಸ್ಥಳದ ಗುರುತನ್ನು ಚಿತ್ರ ಹಂಚುವ ಮುನ್ನ ತೆಗೆದುಹಾಕುವುದು ಬೇಟೆಯ ಭಯವಿರುವ ಕಡೆ ಮಾಡಲೇಬೇಕಾದ ಒಂದು ತಿದ್ದುಪಡಿ.

ಕಾವಲುಗಳ ನೆಲ ಸಾಗುವಳಿಗೂ ಬೇರೆ ಉದ್ದೇಶಗಳಿಗೂ ಕರಗುತ್ತ ಬಂದಿರುವಾಗ, ಒಂದೊಂದು ಚಿತ್ರವೂ ಆ ನೆಲದ ದಾಖಲೆಯಾಗುತ್ತದೆ. ಯಾವ ತಿಂಗಳಲ್ಲಿ ಹುಲ್ಲು ಎಷ್ಟು ಎತ್ತರಕ್ಕಿತ್ತು, ಗುಂಪಿನಲ್ಲಿ ಕರಿಯ ಗಂಡುಗಳೆಷ್ಟು, ಬೇಲಿ ಎಲ್ಲಿಯವರೆಗೆ ಬಂದಿತ್ತು, ದನ ಎಷ್ಟು ಸಮೀಪದಲ್ಲಿ ಮೇಯುತ್ತಿತ್ತು ಎಂಬುದನ್ನು ನಾಳೆಯ ಅಧ್ಯಯನಕಾರರು ಇಂದಿನ ಚಿತ್ರಗಳಲ್ಲಿ ಹುಡುಕಬೇಕಾಗಬಹುದು. ಹಾಗಾಗಿ ಅಂತರಘಟ್ಟೆಯ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರು ಮೂಲ ರಾ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ತಿದ್ದಿದ ಪ್ರತಿಯ ಅಡಿಬರಹದಲ್ಲಿ ತಿಂಗಳು, ವರ್ಷ ಮತ್ತು ಮಾಡಿದ ತಿದ್ದುಪಡಿಗಳನ್ನು ಬರೆದಿಡಬೇಕು, ದನವೋ ಬೇಲಿಯೋ ಇದ್ದರೆ ಇರಲು ಬಿಡಬೇಕು. ಅಂಥ ಚಿತ್ರಕ್ಕೆ ಬಹುಮಾನ ಬರಲಿ ಬಿಡಲಿ, ಕಾವಲನ್ನು ಉಳಿಸಿಕೊಳ್ಳಬೇಕೆಂದು ವಾದಿಸಬೇಕಾದ ದಿನ ಸಾಕ್ಷಿಯಾಗಿ ನಿಲ್ಲಬಲ್ಲದ್ದು ಅದೊಂದೇ.