ಏಳಲೊಲ್ಲದ ಗಣಕಯಂತ್ರ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರ ಹೆಸರು, ವಿಳಾಸ, ಕಲಿತ ವರ್ಷ ಇವೆಲ್ಲವೂ ಎರಡು ಬೇಸಗೆಗಳ ಶ್ರಮದಿಂದ ಒಂದು ಗಣಕಯಂತ್ರದೊಳಗೆ ಸೇರಿದ್ದುವು. ಮೂಲದ ಕಾಗದಗಳನ್ನೋ ಗೆದ್ದಲು ತಿಂದು ಮುಗಿಸಿತ್ತು. ಹೀಗಿರಲು ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಯಂತ್ರದ ಗುಂಡಿಯನ್ನೊತ್ತಿದಾಗ ಪರದೆಯು ಕಪ್ಪಾಗಿಯೇ ಉಳಿಯಿತು. ದುರಸ್ತಿಗೆ ಬಂದಾತನು, "ಹೊಸದನ್ನೇ ಕೊಳ್ಳಿರಿ, ಇದರಲ್ಲಿದ್ದುದೆಲ್ಲ ಹೋಯಿತು" ಎಂದು ಹೇಳಿ ಹೊರಟುಹೋದನು.

ಸೋದರಿಯರೇ, ಕೊಳ್ಳುವ ವಿಷಯ ಹಾಗಿರಲಿ, ಹೋಯಿತೆಂಬ ಮಾತು ಸರಿಯಲ್ಲ. ಯಾಕಂದರೆ ಬರಹವಿರುವದು ಹಾರ್ಡ್ ಡಿಸ್ಕಿನಲ್ಲಿ. ಅದೇ ಕೆಟ್ಟಿರದಿದ್ದರೆ, ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಈ ಧೈರ್ಯದಿಂದಲೇ ನಾವು ಕೈಹಚ್ಚಿದೆವು.

ಮೊದಲು ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪವನ್ನು ಹಾಕಿ ನೋಡಿದೆವು, ಉರಿಯಿತು. ಪೆಟ್ಟಿಗೆಯ ಬೆನ್ನಿಗಿರುವ ಸ್ವಿಚ್ಚೂ ಸರಿಯಾಗಿತ್ತು. (ಕಸ ಗುಡಿಸುವಾಗ ಕೈತಾಗಿ ಇದು ಆರಿಹೋಗುವದುಂಟು.) ಒಳಗೆ ಫ್ಯಾನು ತಿರುಗುತ್ತಿತ್ತು. ಅದೂ ತಿರುಗದಿದ್ದರೆ ಪವರ್ ಸಪ್ಲೈಯನ್ನು ಸಂಶಯಿಸಬೇಕಾಗಿತ್ತು. ಆದರೆ ಆ ಡಬ್ಬಿಯನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದು, ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ನಮ್ಮ ಯಂತ್ರವು ಬೀಪ್ ಬೀಪ್ ಎಂದು ಕೂಗುತ್ತಲೂ ಇತ್ತು. ಇದನ್ನು ಕೇಳಿ ನಮಗೆ ಭಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. 1981 ರಲ್ಲಿ ಹೊರಬಂದ ಐ.ಬಿ.ಎಂ. ಪಿ.ಸಿ.ಯಲ್ಲಿಯೂ ಈ ಏರ್ಪಾಡಿತ್ತು: ಎದ್ದೊಡನೆ ಯಂತ್ರವು ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಪರದೆ ಬೆಳಗುವದಕ್ಕೆ ಮುಂಚೆಯೇ ದೋಷವನ್ನು ಧ್ವನಿಯಿಂದ ತಿಳಿಸುವದು. ಎಷ್ಟು ಕೂಗಿಗೆ ಯಾವ ಅರ್ಥವೆಂಬುದು ಒಬ್ಬೊಬ್ಬ ತಯಾರಕರಲ್ಲಿ ಒಂದೊಂದು ಬಗೆ. ಕೈಪಿಡಿಯನ್ನು ನೋಡಲಾಗಿ, ನಮ್ಮದು ರ‍್ಯಾಮಿನ ದೂರೆಂದು ತಿಳಿಯಿತು.

ಕೂಡಲೆ ತಂತಿ ಕಿತ್ತು, ಮೈಯಲ್ಲಿನ ವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಎರಡು ರ‍್ಯಾಮ್ ಫಲಕಗಳನ್ನೂ ಹೊರತೆಗೆದೆವು. ಅವುಗಳ ಹೊಂಬಣ್ಣದ ಅಂಚು ಕರಾವಳಿಯ ಉಪ್ಪುಗಾಳಿಗೆ ಮಂಕಾಗಿತ್ತು. ಆರನೆಯ ತರಗತಿಯ ಹುಡುಗಿಯೊಬ್ಬಳಿಂದ ಪೆನ್ಸಿಲ್ ರಬ್ಬರನ್ನು ಬೇಡಿ ಪಡೆದು, ಮೆಲ್ಲಗೆ ಉಜ್ಜಿ, ಪುಡಿಯನ್ನು ಕೊಡವಿದೆವು. ಒಂದು ಫಲಕವನ್ನು ಮಾತ್ರ ಹಾಕಿದಾಗ ಅದೇ ಕೂಗು. ಅದನ್ನು ತೆಗೆದು ಇನ್ನೊಂದನ್ನು, ಎರಡೂ ತುದಿಯ ಕೊಂಡಿಗಳು ಟಕ್ಕೆನ್ನುವಂತೆ ಒತ್ತಿ ಕೂರಿಸಿದಾಗ ಪರದೆಯು ಬೆಳಗಿತು! ದಿನಾಂಕ ಮಾತ್ರ 2009 ನೆಯ ಇಸವಿಯ ಜನವರಿ 1 ಎಂದಿತ್ತು. ಗಡಿಯಾರವನ್ನು ನಡೆಸುವ ಸಿ.ಆರ್. 2032 ಎಂಬ 3 ವೋಲ್ಟಿನ, ನಾಣ್ಯದಾಕಾರದ ಸೆಲ್ಲು ಬರಿದಾಗಿತ್ತು. ಪೇಟೆಯಿಂದ ಹೊಸದನ್ನು ತರಿಸಿ ಹಾಕಿದೆವು.

ಸಾಯಂಕಾಲದೊಳಗೆ ಪಟ್ಟಿಯ ಎರಡು ಪ್ರತಿಗಳಾದುವು. ಒಂದು ಶಾಲೆಯ ಕಪಾಟಿನಲ್ಲಿದೆ, ಮತ್ತೊಂದು ಪರವೂರಿನ ಸೋದರಿಯೊಬ್ಬರ ಮನೆಯಲ್ಲಿ. ಯಂತ್ರವು ಒಂದೇ ಫಲಕದಿಂದ, ತುಸು ನಿಧಾನವಾಗಿಯಾದರೂ, ಈಗಲೂ ನಡೆಯುತ್ತಿರುವದು.