ಫ್ಲೀಟ್ ಸಾಹೇಬರ ಕನ್ನಡ

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಹತ್ತನೆಯ ತರಗತಿಗೆ ‘ಹಲಗಲಿ ಬೇಡರು’ ಲಾವಣಿಯನ್ನು ಕಲಿತವರಿಗೆ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಹೆಸರು ನೆನಪಿರಬಹುದು. ನಲವತ್ತೈದು ನಿಮಿಷಗಳ ಅವಧಿಯಲ್ಲಿ ಲಾವಣಿಯ ಅರ್ಥ ಹೇಳುವುದೇ ಸಾಲುತ್ತಿರಲಿಲ್ಲ. ಆತನ ವಿಷಯ ಹೇಳಲು ಸಮಯವೆಲ್ಲಿ? ಈಗ ವಿರಾಮವಾಗಿ ಹೇಳುತ್ತೇನೆ.

ಫ್ಲೀಟ್ ಹುಟ್ಟಿದ್ದು 1847ರಲ್ಲಿ. ಲಂಡನ್ನಿನಲ್ಲಿ ಸಂಸ್ಕೃತ ಓದಿ, 1867ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದ. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರನಾದ. ಅಂದರೆ ನಮ್ಮ ಇಲಾಖೆಯವನೇ! ಮುಂದೆ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜೆಂಟನಾಗಿದ್ದ. ಕನ್ನಡ ಮರಾಠಿ ಬೆರೆತ ಈ ಸೀಮೆ ಹೇಗಿರುತ್ತದೆಂದು ನಿಡಸೋಸಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಸಂಕೇಶ್ವರದ ಪೇಟೆಯಲ್ಲಿ ಒಂದೇ ವ್ಯಾಪಾರಕ್ಕೆ ಎರಡು ಭಾಷೆ ಬಳಸುವವರು ನಾವು.

ಆ ಕಾಲದ ಅಧಿಕಾರಿಗಳು ದೇಶಭಾಷೆಯ ಪರೀಕ್ಷೆಗಳನ್ನು ಪಾಸು ಮಾಡಬೇಕಿತ್ತು. ಬಹಳ ಜನ ಅಷ್ಟಕ್ಕೇ ನಿಲ್ಲಿಸಿದರು. ಫ್ಲೀಟ್ ನಿಲ್ಲಿಸಲಿಲ್ಲ. ಸವದತ್ತಿ, ಬೆಳಗಾವಿಗಳ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದಾಗ ಆತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತು 1882ರಲ್ಲಿ ಗ್ರಂಥ ಬರೆದ. 1883ರಲ್ಲಿ ಸರಕಾರವು ಆತನನ್ನು ಶಾಸನತಜ್ಞನ ಹುದ್ದೆಗೇ ನೇಮಿಸಿತು.

ಶಾಸನವಾದರೂ ಪಂಡಿತರ ಭಾಷೆ. ವ್ಯಾಕರಣ ಬಲ್ಲವರ ಸಹಾಯದಿಂದ ಬಿಡಿಸಬಹುದು. ಲಾವಣಿ ಹಾಗಲ್ಲ. ಅದರಲ್ಲಿ ಬರುವುದು ಹೊಲ, ಚಾವಡಿ, ಅಡುಗೆಮನೆಗಳ ಮಾತು. ಕಿಟೆಲರ ಮಹಾನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೆ ಮೊದಲೇ, 1885ರಿಂದ, ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ನಮ್ಮ ಲಾವಣಿಗಳ ಕನ್ನಡ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಅಚ್ಚು ಮಾಡಿಸತೊಡಗಿದ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾನ ಕೊಲೆ ಮುಂತಾದ ಹಾಡುಗಳು ಅವು. ಇವುಗಳ ಎಷ್ಟೋ ಶಬ್ದಗಳನ್ನು ಆತ ಪುಸ್ತಕದಿಂದಲ್ಲ, ಹಾಡುವವರನ್ನು ಕೇಳಿಯೇ ತಿಳಿದಿರಬೇಕು.

ನನಗೆ ಸೋಜಿಗವೆನಿಸುವುದು ಇದು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಂಗ್ಲಿಷರು. 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ ಹಲಗಲಿಯನ್ನು ಸುಟ್ಟದ್ದೂ ಇಂಗ್ಲಿಷರೇ. ಅದೇ ಸರಕಾರದ ಸಂಬಳ ಉಣ್ಣುವ ಅಧಿಕಾರಿ ಸೋತವರ ಹಾಡನ್ನು ಸೋತವರ ಮಾತಿನಲ್ಲಿಯೇ ಅಚ್ಚು ಹಾಕಿಸಿದ! ಇದರಿಂದ ಆತ ನಮ್ಮ ಪಕ್ಷದವನಾದನೆಂದು ನಾನು ಹೇಳಲಾರೆ. ಆಳುವವರಿಗೆ ಪ್ರಜೆಗಳ ಮನಸ್ಸನ್ನು ಅರಿಯುವ ಸ್ವಾರ್ಥವೂ ಇರುತ್ತದೆ. ಆದರೆ ಬರಿಯ ಸ್ವಾರ್ಥವಿದ್ದಿದ್ದರೆ ಸಾರಾಂಶವೊಂದು ಸಾಕಿತ್ತು. ಕನ್ನಡ ಮೂಲವನ್ನು ಕಾಪಾಡುವ ಶ್ರಮವೇಕೆ?

ಕಳೆದ ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. “ಸರ್, ಇಲ್ಲಿ ಭಾಷಾದ ಪರೀಕ್ಷಾ ಪಾಸಾದೆ ರೀ. ಆದ್ರ ಬಾಜೂ ಮನಿ ಅಜ್ಜಿ ಮಾತು ಮಾತ್ರ ತಿಳಿವಲ್ದು” ಎಂದ. ಫ್ಲೀಟನ ಕಥೆ ಹೇಳಿ, ಆ ಅಜ್ಜಿಯ ಬಳಿಯೇ ಹೋಗಿ ಕೂತುಕೋ ಎಂದೆ. ಈಗ ವಾರಕ್ಕೊಮ್ಮೆ ಹೋಗುತ್ತಾನಂತೆ. ಆದರೆ ಅವನ ಇನ್ನೊಂದು ಮಾತು ನನ್ನನ್ನು ಕೊರೆಯುತ್ತಿದೆ. ಮಗಳಿಗೆ ಆ ಅಜ್ಜಿಯ ಮಾತು ಚೆನ್ನಾಗಿ ತಿಳಿಯುತ್ತದೆ. ಊರಿನಲ್ಲಿರುವ ಸ್ವಂತ ಅಜ್ಜಿ ಫೋನಿನಲ್ಲಿ ಮಾತಾಡಿದರೆ ಅಪ್ಪನ ಮುಖ ನೋಡುತ್ತಾಳಂತೆ. ಇದಕ್ಕೆ ನಾನು ಏನು ಹೇಳಲಿ? ಅಜ್ಜಿ ಹಾಡುವ ಬೀಸುವ ಪದಗಳನ್ನು ಮೊಬೈಲಿನಲ್ಲಿ ಹಿಡಿದು ಕಳುಹಿಸುವಂತೆ ಊರಿನಲ್ಲಿರುವ ಅವನ ತಮ್ಮನಿಗೆ ತಿಳಿಸಿದ್ದೇನೆ.

ಫ್ಲೀಟ್ 1897ರಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದ. ಅಲ್ಲಿಯೂ ಶಾಸನಗಳ ಕೆಲಸ ಬಿಡದೆ 1917ರಲ್ಲಿ ತೀರಿಕೊಂಡ. ನಿಮ್ಮ ಮನೆಗಳಲ್ಲಿ ಲಾವಣಿ, ಗೀಗೀ ಪದ ಬಲ್ಲ ಹಿರಿಯರಿದ್ದರೆ ನನಗೆ ತಿಳಿಸಿರಿ. ಹುಕ್ಕೇರಿ, ಗೋಕಾಕ ತಾಲೂಕುಗಳಾದರೆ ನಾನೇ ಬಂದು ಬರೆದುಕೊಳ್ಳುತ್ತೇನೆ.